ಬಾಟಲಿಯಲ್ಲಿ ಎಂತ ಇದೆ

ಜನವರಿ 17, 2025. ಶುಕ್ರವಾರ

ಬೆಳಿಗ್ಗೆಯಿಂದ ಜೆರ್ಸಿ ಹುಡುಕುವುದೇ ಕೆಲಸ. ಏಳನೆಯ ನಂಬರಿನದು ಮತ್ತೆ ಕಾಣೆ. ಕೊನೆಗೆ ನೋಡಿದರೆ ಮೀಸಲು ಆಟಗಾರ್ತಿ ಕಾವ್ಯಶ್ರೀ ಅದನ್ನು ತಲೆದಿಂಬಿಗೆ ಹೊದೆಸಿಕೊಂಡಿದ್ದಳು. ‘ಚೇತನಾ ಅಕ್ಕನ ನಂಬರು, ಅದರ ಮೇಲೆ ಮಲಗಿದ್ರೆ ನಂಗೂ ರೈಡ್ ಬರ್ತದೆ’ ಅಂತೆ.

ಕನ್ನಡ ಮೇಜರ್ ತೆಗೆದುಕೊಂಡು ಬಿ.ಎ. ಮುಗಿಸಿದವಳಿಗೆ ಕಬಡ್ಡಿ ತಂಡದ ಮ್ಯಾನೇಜರ್ ಪಟ್ಟ. ಹೆಣ್ಣುಮಕ್ಕಳ ತಂಡದ ಜೊತೆ ಹೆಂಗಸೊಬ್ಬಳು ಹೋಗಲೇಬೇಕು ಎಂಬ ನಿಯಮ. ಇಲ್ಲದಿದ್ದರೆ ಶಾಲ್ಮಲಾ ಕ್ರೀಡಾ ಬಳಗದ ಆಫೀಸಿನಲ್ಲಿ ಪತ್ರ ಟೈಪ್ ಮಾಡುತ್ತ ಹಾಯಾಗಿ ಕೂತಿರುತ್ತಿದ್ದೆ. ಅಲ್ಲಿ ಯಾರೊಂದಿಗೂ ಮಾತಾಡಬೇಕಾಗಿಲ್ಲ.

ಸಂಜೆ ಮಾವನ ಆಸ್ಪತ್ರೆಯ ಮಹಡಿಯಲ್ಲಿ ‘ಬಾಟ್ಲಿ ಕಾರ್ಯಕ್ರಮ’, ಆಡುವವರ ಕೈಗೆಲ್ಲ ಗ್ಲೂಕೋಸ್ ಡ್ರಿಪ್. ಪ್ರತಿ ಪಂದ್ಯಾವಳಿಯ ಮುನ್ನಾದಿನ ಇದು ಆಗಲೇಬೇಕು. ವಿಘ್ನೇಶ್ವರ ಮಾವ ಆಯಿಯ ತಮ್ಮ, ನನ್ನ ಸೋದರಮಾವ. ಶಿರಸಿಯಲ್ಲಿ ಅವನ ಸ್ವಂತ ಆಸ್ಪತ್ರೆ, ಬಳಗದ ತಂಡಕ್ಕೆ ಪುಕ್ಕಟೆ ಡಾಕ್ಟರ್. ಬಿ.ಎ. ಓದುವಾಗ ಮೂರು ವರ್ಷ ನಾನು ಇದ್ದದ್ದು ಅವನ ಮನೆಯಲ್ಲಿ. ಈಗಲೂ ಅಲ್ಲೇ. ಈ ಕೆಲಸ ಕೊಡಿಸಿದ್ದೂ ಅವನೇ.

ಸ್ಟ್ಯಾಂಡ್ ಸಾಲುವುದಿಲ್ಲ. ಕಿಟಕಿಯ ಸರಳಿಗೆ, ಬಟ್ಟೆ ಒಣಗಿಸುವ ತಂತಿಗೆ, ದೇವರ ಫೋಟೋದ ಮೊಳೆಗೆ ಬಾಟಲಿ ತೂಗುಹಾಕುತ್ತಾರೆ. ವಿಟಮಿನ್ ಬೆರೆತ ಕೂಡಲೇ ನೀರು ಹಳದಿ. ಡಾಕ್ಟರ ಬಾಟ್ಲಿ ಏರಿದರೆ ಕಪ್ ಬಂದಂತೆ ಎಂದು ಹುಡುಗಿಯರ ನಂಬಿಕೆ. ಮೀಸಲು ಆಟಗಾರ್ತಿಯರಿಗೆ ಇಲ್ಲ. ಕಾವ್ಯಶ್ರೀ ಅಳುಮೋರೆ ಮಾಡಿ, ‘ಡಾಕ್ಟ್ರೇ, ನಂಗೊಂದು ಅರ್ಧ ಆದ್ರೂ ಹಾಕಿ’ ಎಂದಳು.

ಚೇತನಾಳಿಗೆ ಎರಡು ದಿನದಿಂದ ಜ್ವರ. ಬಲಮೊಣಕಾಲು ಬೇರೆ ಬಾತಿದೆ. ನಾಳೆ ದಾವಣಗೆರೆಯಲ್ಲಿ ಅಖಿಲ ಭಾರತ ಪಂದ್ಯಾವಳಿ, ರೈಡ್ ಹೋಗಬೇಕಾದವಳು ಅವಳು. ಮಾವ ಸಣ್ಣ ಶೀಶೆಯೊಂದನ್ನು ಮುರಿದು ಸಿರಿಂಜಿಗೆ ಎಳೆದು ಅವಳ ಬಾಟಲಿಗೆ ಮಾತ್ರ ಚುಚ್ಚಿದ. ಅವಳು ಕತ್ತೆತ್ತಿ ನೋಡಿದಳು.

‘ಡಾಕ್ಟ್ರೇ, ನನ್ನ ಬಾಟ್ಲಿಯಲ್ಲಿ ಬೇರೆ ಎಂತದೋ ಹಾಕಿದ್ರಲ್ಲ. ಎಂತ ಅದು?’

‘ನೀನು ರೈಡ್ ಹೋಗುವಾಗ ಬಲಕ್ಕೆ ಯಾಕೆ ಹೋದೆ, ಎಡಕ್ಕೆ ಯಾಕೆ ಹೋದೆ ಅಂತ ನಾನು ಕೇಳ್ತೇನಾ? ಸುಮ್ನೆ ಮಲಗು ಮಾರಾಯ್ತಿ.’

ಕೋಚ್ ಸುಭಾಷ ಸರ್ ಬನವಾಸಿಯ ಆಚೆಯವರು, ಮಾತು ಧಾರವಾಡದ ಕಡೆಯದು. ‘ಡಾಕ್ಟರಮ್ಮಾರ, ಮುಂದಿನ ಸಲ ನೀವs ಸೂಜಿ ಚುಚ್ರಿ, ಡಾಕ್ಟ್ರು ರೈಡ್ ಹೋಗ್ತಾರ’ ಎಂದರು ಅವಳಿಗೆ. ಎಲ್ಲ ನಕ್ಕರು. ನಾನೂ. ಚೇತನಾ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು.

ಬೆಳಿಗ್ಗೆ ಬೇಗ ಹೊರಡಬೇಕು. ಮಲಗುತ್ತೇನೆ.


ಜನವರಿ 18. ದಾವಣಗೆರೆ

ಸೆಮಿಫೈನಲ್ ಗೆದ್ದೆವು. ಚೇತನಾಳಿಗೆ ಜ್ವರ ಇತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ. ಎದುರಿನವರ ಮೂವರನ್ನು ಒಟ್ಟಿಗೆ ಎಳೆದುಕೊಂಡು ಗೆರೆ ಮುಟ್ಟಿದಳು.

ಆಟ ಮುಗಿದು ಶೂ ಬಿಚ್ಚುವಷ್ಟರಲ್ಲಿ ಕತ್ತಿಗೆ ಬ್ಯಾಡ್ಜ್ ಹಾಕಿಕೊಂಡ ಇಬ್ಬರು ಬಂದು ಅವಳನ್ನೇ ಕರೆದರು. ಡೋಪ್ ಟೆಸ್ಟ್. ಜೊತೆಗೆ ನಾನು. ಎತ್ತರದ ಹೆಂಗಸೊಬ್ಬಳು ಮೂತ್ರ ಹೊಯ್ಯುವವರೆಗೆ ಎದುರೇ ನಿಲ್ಲಬೇಕಂತೆ, ನಿಯಮ.

‘ಅಕ್ಕಾ, ಇವ್ರು ಹೀಂಗೆ ನೋಡ್ತಾ ನಿಂತ್ರೆ ಬರೂದು ಹೆಂಗೆ?’

ನೀರು ಕುಡಿದಳು. ಮತ್ತೆ ಕುಡಿದಳು. ನಲ್ಲಿ ಬಿಡಲು ಹೇಳಿದಳು. ಕೊನೆಗೆ ಆಯಿತು.

ಯಾವ ಮದ್ದು ತೆಗೆದುಕೊಂಡಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ‘ಜ್ವರದ ಗುಳಿಗೆ ಒಂದೇ’ ಎಂದಳು. ಪ್ಯಾರಸಿಟಮಾಲ್ ಎಂದೆ. ಬರೆದುಕೊಂಡರು. ಸಹಿ.


ಜನವರಿ 19

ಕಪ್ ನಮ್ಮದು! ಬಸ್ಸಿನಲ್ಲಿ ಒಂದೇ ಗದ್ದಲ, ಬರೆಯಲಾಗುತ್ತಿಲ್ಲ.


ಮಾರ್ಚ್ 4. ಮಂಗಳವಾರ

ದೆಹಲಿಯ ಡೋಪ್ ಪರೀಕ್ಷೆಯವರಿಂದ ಮೇಲ್. ನಾನೇ ಮೊದಲು ಓದಿದ್ದು. ಎರಡನೆಯ ಸಲ ಓದುವಾಗ ಅರ್ಥವಾಯಿತು. ಚೇತನಾಳ ಸ್ಯಾಂಪಲ್‌ನಲ್ಲಿ ಡೆಕ್ಸಾಮೆಥಾಸೋನ್. ಸ್ಟಿರಾಯ್ಡ್. ಪಂದ್ಯದ ಹೊತ್ತಿಗೆ ಸೂಜಿಯಲ್ಲಿ ತೆಗೆದುಕೊಳ್ಳುವುದು ನಿಷಿದ್ಧ. ಎರಡು ವರ್ಷದವರೆಗೆ ನಿಷೇಧ ಬೀಳಬಹುದು. ಸದ್ಯಕ್ಕೆ ಆಡುವಂತಿಲ್ಲ.

ಸುಭಾಷ ಸರ್‌ಗೆ ತೋರಿಸಿದೆ. ‘ಇದೆಂಥಾ ಹೆಸರ್ರೀ, ಸೊಳ್ಳಿ ಬತ್ತಿದ ಇದ್ದಂಗೈತಿ’ ಎಂದರು.

ಮಾವನಿಗೆ ಫೋನ್ ಮಾಡಿದೆ. ತಾನೇ ಹಾಕಿದ್ದೆಂದು ಮನೆಮಾತಿನಲ್ಲೇ ಒಪ್ಪಿಕೊಂಡ.

‘ಡೆಕ್ಸಾನ? ಆನೇ ಹಾಕಿದ್ದಿ. ಜ್ವರ ಇಳಿಲಿ, ಬಾವು ಇಳಿಲಿ ಹೇಳಿ. ಎಲ್ಲಾ ಡಾಕ್ಟ್ರೂ ಕೊಡ್ತ. ಎಂತದೂ ಆಗ್ತಿಲ್ಲೆ ಕೂಸೆ, ತಲೆಬಿಸಿ ಮಾಡಡ.’

ಬಾಟಲಿ! ಡೋಪ್ ಟೆಸ್ಟಿನ ಕೋಣೆಯಲ್ಲಿ ಮದ್ದು ಎಂದು ಕೇಳಿದಾಗ ಬಾಟಲಿ ನಮ್ಮಿಬ್ಬರಿಗೂ ನೆನಪಾಗಲಿಲ್ಲ. ನಮ್ಮ ಕಡೆ ಅದನ್ನು ಯಾರು ಮದ್ದು ಅನ್ನುತ್ತಾರೆ? ಬಾಣಂತಿಗೂ ಬಾಟಲಿ, ಎಲೆಕ್ಷನ್ ಸುತ್ತಿ ಬಂದವನಿಗೂ ಬಾಟಲಿ. ದಣಿವಾದರೆ ಎಳನೀರು, ಜಾಸ್ತಿ ದಣಿವಾದರೆ ಬಾಟಲಿ.


ಮಾರ್ಚ್ 6

ಯಲ್ಲಾಪುರದಲ್ಲಿ ಬಸ್ ಬದಲಿಸಿ ಚೇತನಾಳ ಊರು ಇಡಗುಂದಿಗೆ. ಹೇಳುವ ಕೆಲಸ ನನಗೆ ಬಿತ್ತು. ಬಳಗದ ಅಧ್ಯಕ್ಷರಿಗೆ ಮೀಟಿಂಗ್, ಸುಭಾಷ ಸರ್‌ಗೆ ಹೊಟ್ಟೆನೋವು.

ಚೇತನಾ ಪೂರ್ತಿ ಕೇಳಿದಳು. ‘ಹಾಂಗಾರೆ ಪೊಲೀಸ್ ಕೆಲಸ?’ ಅದೊಂದೇ ಕೇಳಿದ್ದು.

ಕ್ರೀಡಾ ಕೋಟಾದಲ್ಲಿ ಕಾನ್‌ಸ್ಟೇಬಲ್ ಹುದ್ದೆಗೆ ಆಯ್ಕೆಯಾಗಿದ್ದಾಳೆ. ಆದೇಶ ಬರುವುದು ಬಾಕಿ. ಇಡಗುಂದಿಯ ಅವರ ಕೇರಿಯಿಂದ ಖಾಕಿ ಹಾಕುವವರಲ್ಲಿ ಮೊದಲಿನವಳು. ಇಲಾಖೆಗೆ ಫೋನ್ ಮಾಡಿ ಕೇಳಿದೆವು. ಕೇಸು ಮುಗಿಯುವವರೆಗೆ, ಡಿಸೆಂಬರ್ ತನಕ, ಜಾಗ ಕಾದಿಡುತ್ತಾರೆ. ಅವಳ ತಪ್ಪಿಲ್ಲ ಎಂದಾದರೆ ಕೆಲಸ. ಶಿಕ್ಷೆ ಎಂದಾದರೆ ಹೆಸರು ತೆಗೆಯುತ್ತಾರೆ. ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತದೆ.

ಅವಳ ತಾಯಿ ವೆಂಕಮ್ಮ ಒಲೆಯ ಮುಂದಿನಿಂದ ಎದ್ದು ಬಂದರು. ‘ಡ್ರಗ್ಸ್ ಅಂದ್ರೆ ಗಾಂಜಾ ಅಲ್ವೇನ್ರಾ? ಟೀವಿಯಲ್ಲಿ ತೋರಿಸ್ತಾರಲ್ಲ? ನಮ್ಮ ಹುಡುಗಿ ಚಾ ಸೈತ ಕುಡೂದಿಲ್ರಾ.’

ಗಾಂಜಾ ಅಲ್ಲ ಎಂದೆ. ಡಾಕ್ಟರ್ ಕೊಟ್ಟ ಸೂಜಿ ಎಂದೆ.

‘ಡಾಕ್ಟ್ರೇ ಕೊಟ್ಟದ್ದು ಅಂದ್ರೆ ಮತ್ತೆಂತಕೆ ಹೆದರೂದು?’ ವೆಂಕಮ್ಮನ ಮುಖ ಒಮ್ಮೆಲೆ ಹಗುರಾಯಿತು. ‘ಡಾಕ್ಟ್ರು ಹೇಳಿದ್ರೆ ಆಯ್ತಲ್ಲ!’

ಬರುವಾಗ ಒಂದು ಗೊನೆ ಬಾಳೆಹಣ್ಣು ಕೊಟ್ಟರು. ಡಾಕ್ಟರಿಗೆ.


ಮಾರ್ಚ್ 15. ಶನಿವಾರ

ಬಳಗದ ಸಭೆ. ನಿಯಮ ಓದಿ ಹೇಳಿದೆ. ಮೈಯೊಳಗೆ ಏನೇ ಹೋದರೂ ಅದಕ್ಕೆ ಆಟಗಾರ್ತಿಯೇ ಹೊಣೆ. ಯಾರು ಕೊಟ್ಟರು, ಗೊತ್ತಿತ್ತೋ ಇಲ್ಲವೋ ಎಂಬುದು ಆಮೇಲಿನ ಮಾತು.

ಅಧ್ಯಕ್ಷರು ಬೆನ್ನು ಕುರ್ಚಿಗೆ ಒರಗಿಸಿದರು. ‘ಅಂದ್ರೆ ಬಳಗಕ್ಕೆ ಎಂತದೂ ಬರೂದಿಲ್ಲ. ಅಲ್ದಾ?’

ಇಲ್ಲ ಎಂದೆ. ಚಹಾ ಬಂತು. ಜೊತೆಗೆ ಬಿಸಿ ಪೋಡಿ, ನಮ್ಮ ಕಡೆಯ ಬಜ್ಜಿ.

ಬಾಟಲಿ ಏರಿಸುವುದೂ ನಿಷಿದ್ಧವಂತೆ, ಚಿಕಿತ್ಸೆಗೆ ಅಗತ್ಯ ಅಲ್ಲದಿದ್ದರೆ. ಅದನ್ನೂ ಓದಿದೆ. ಪೋಡಿಯ ತಟ್ಟೆ ಇನ್ನೊಂದು ಸುತ್ತು ಬಂತು. ಉಳಿದವರನ್ನು ಯಾರೂ ಪರೀಕ್ಷಿಸಿಲ್ಲವಲ್ಲ, ಉಳಿದವರೆಲ್ಲ ಶುದ್ಧ.

ಚೇತನಾಳ ಪರವಾಗಿ ಹುಬ್ಬಳ್ಳಿಯ ವಕೀಲರೊಬ್ಬರು ಸಿಕ್ಕಿದ್ದಾರೆ. ಮದ್ದು ಮೈಯೊಳಗೆ ಹೇಗೆ ಹೋಯಿತು ಎಂದು ತೋರಿಸಿದರೆ ಮಾತ್ರ ಶಿಕ್ಷೆ ಇಳಿಯುತ್ತದೆ ಎಂದರು. ‘ಡಾಕ್ಟರ್ ಒಂದು ಪುಟ ಬರದು ಸಹಿ ಮಾಡಿದ್ರ ಸಾಕ್ರಿ. ಇಲ್ಲಾಂದ್ರ ಈ ಹುಡುಗಿ ಮೆಡಿಕಲ್ ಶಾಪಿನಾಗ ತಾನs ತಗೊಂಡಾಳ ಅಂತಾರ.’


ಮಾರ್ಚ್ 16

ಏಣಿಮೆಟ್ಟಿಲಲ್ಲಿ ನಿಂತು ವಾಕ್ಯಗಳನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಮಧ್ಯಾಹ್ನ ಊಟಕ್ಕೆ ಕೂತಾಗ ವಕೀಲರು ಹೇಳಿದ ಆ ಒಂದು ಪುಟ ಕೇಳಿದೆ.

ಮಾವ ಅನ್ನ ಕಲಸುವುದು ನಿಲ್ಲಿಸಲಿಲ್ಲ. ‘ಬರೆದು ಕೊಟ್ರೆ ಯನ್ನ ಕಥೆ ಎಂತಾಗ್ತು ಗೊತ್ತಿದ್ದ ನಿಂಗೆ? ಆ ಕೂಸು ಆಡದೆ ಇಪ್ಪದು ಎರಡು ವರ್ಷ. ಯಂಗೆ ಲೈಸೆನ್ಸೇ ಹೋಗ್ತು.’

‘ಅವಳ ಕೆಲಸ ಹೋಗ್ತು ಮಾವ.’

‘ಇಪ್ಪತ್ತೈದು ವರ್ಷದಿಂದ ಈ ಮಕ್ಕಗೆ ಪುಕ್ಕಟೆ ಮದ್ದು ಮಾಡಿದ್ದಿ. ಒಂದು ದಿನ ಕೈ ಚಾಚಿದ್ನಿಲ್ಲೆ. ಅದಕ್ಕೆ ಇದಾ ಬಹುಮಾನ? ಜ್ವರದಲ್ಲಿ ನಡುಗ್ತಾ ಇತ್ತು ಆ ಕೂಸು. ಯೋಚನೆ ಮಾಡ್ತಾ ಕೂತ್ಕಳವಾಗಿತ್ತಾ ಆನು?’

ಸುಳ್ಳೇನಲ್ಲ. ನಡುಗುತ್ತಿದ್ದಳು. ಕಾಲು ನೋಡಿ ಮಾವನಿಗೆ ನಿಜಕ್ಕೂ ಕರುಳು ಚುರ್ ಎಂದಿತ್ತು, ನಾನೇ ನೋಡಿದ್ದೇನೆ.

ಅತ್ತೆ ಮಜ್ಜಿಗೆ ತಂದಳು. ‘ಅವ್ಕೆ ಎಂತಾಗ್ತು, ಗಟ್ಟಿ ಮೈ. ಮತ್ತೊಂದು ಕೆಲಸ ಸಿಕ್ತು’ ಎಂದು ಬಡಿಸಿದಳು. ವೆಂಕಮ್ಮನ ಬಾಳೆಹಣ್ಣು ಎಲೆಯ ಬದಿಗೆ. ತುಂಬಾ ಸಿಹಿ ಎಂದು ಮಾವ ಇನ್ನೊಂದು ಕೇಳಿದ.

ನಾನು ಎರಡನೇ ಸಲ ಅನ್ನ ಹಾಕಿಸಿಕೊಂಡೆ.


ಏಪ್ರಿಲ್ 2

ಸಿದ್ದಾಪುರದಿಂದ ಆಯಿಯ ಫೋನ್. ಅತ್ತೆ ಎಲ್ಲ ಹೇಳಿದ್ದಾಳೆ.

‘ಮಾವನ ಹತ್ರ ಎದುರು ಮಾತಾಡಿದ್ಯಡ? ಯಾರ ಮನೆ ಅನ್ನ ಉಂಡು ಓದಿದ್ದೆ ಹೇಳಿ ನೆನಪಿದ್ದಾ?’

‘ಎದುರು ಮಾತಾಡಿದ್ದಲ್ಲ ಆಯಿ. ಕೇಳಿದ್ದು.’

‘ಎರಡೂ ಒಂದೆಯಾ.’


ಏಪ್ರಿಲ್ 20

ಯಲ್ಲಾಪುರ ಬಸ್ ಸ್ಟ್ಯಾಂಡಿನಲ್ಲಿ ಚೇತನಾ ಸಿಕ್ಕಳು. ವಕಾಲತ್ತಿನ ಕಾಗದಕ್ಕೆ ಸಹಿ ಹಾಕಿಸುವುದಿತ್ತು. ಕೂತಿರುವಾಗ ಬೇರೆ ತಂಡದ ಹುಡುಗರಿಬ್ಬರು ಹಾದುಹೋದರು.

‘ಹೋಯ್, ಎಂತ ತಗೊಂಡಿದ್ಯೇ? ನಮಗೂ ಹೇಳು ಮಾರಾಯ್ತಿ. ನಮ್ಮ ತಂಡ ಸೋತು ಸೋತು ಸಾಕಾಯ್ತು.’

ಅವಳೂ ಬಿಡಲಿಲ್ಲ. ‘ನಿಮ್ಮ ತಂಡಕ್ಕೆ ಟ್ಯಾಂಕರ್ ಬೇಕಾಗ್ತದೆ, ಬಾಟ್ಲಿ ಸಾಲೂದಿಲ್ಲ’ ಎಂದಳು. ಅವರು ಮರೆಯಾದ ಮೇಲೆ ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿದಳು. ತುಂಬ ಹೊತ್ತು ಬಗ್ಗಿಯೇ ಇದ್ದಳು.

ಈಗಲೂ ದಿನಾ ಬೆಳಿಗ್ಗೆ ಓಡುತ್ತಾಳಂತೆ. ಹೆದ್ದಾರಿಯಲ್ಲಲ್ಲ, ಜನ ನೋಡುತ್ತಾರೆ. ಕಾಡಿನ ಒಳದಾರಿಯಲ್ಲಿ.


ಜೂನ್ 10

ಅಧ್ಯಕ್ಷರು ಕರೆದರು. ಜುಲೈ ಒಂದು, ವೈದ್ಯರ ದಿನ. ವಿಘ್ನೇಶ್ವರ ಡಾಕ್ಟರ ಇಪ್ಪತ್ತೈದು ವರ್ಷದ ಕ್ರೀಡಾಸೇವೆಗೆ ಬಳಗದಿಂದ ಸನ್ಮಾನ. ಪೇಟ, ಶಾಲು, ಹಣ್ಣಿನ ಬುಟ್ಟಿ, ಸನ್ಮಾನಪತ್ರ.

‘ಸನ್ಮಾನಪತ್ರ ನೀನೇ ಬರೀಬೇಕು ಅಭಿಜ್ಞಾ. ಕನ್ನಡ ಓದಿದವಳು. ಅವ್ರ ಅಕ್ಕನ ಮಗಳು ಬೇರೆ. ಓದೂದೂ ನೀನೇ. ಪ್ರಾಸ ಗೀಸ ಇದ್ದು ಗಡದ್ದಾಗಿರಲಿ.’

ಮಾರ್ಚ್ ಸಭೆಯ ನಂತರ ಚೇತನಾಳ ಹೆಸರು ಈ ಆಫೀಸಿನಲ್ಲಿ ಯಾರ ಬಾಯಲ್ಲೂ ಬಂದಿಲ್ಲ. ಗೋಡೆಯ ಮೇಲಿನ ಕಪ್ ಗೆದ್ದ ಫೋಟೋದಲ್ಲಿ ಅವಳಿದ್ದಾಳೆ, ನಡುವಿನಲ್ಲಿ. ಕತ್ತರಿಸಿ ತೆಗೆಯಲಾಗದ ಜಾಗ.


ಜೂನ್ 14

ಹಳೆಯ ಸನ್ಮಾನಪತ್ರಗಳ ಫೈಲು ತೆಗೆದೆ. ಎಲ್ಲದರಲ್ಲೂ ಒಬ್ಬನೇ ಮನುಷ್ಯ. ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಅಜಾತಶತ್ರು, ಕಾಯಕಯೋಗಿ. ಹೆಸರು ಮಾತ್ರ ಬೇರೆ. ಶಿಕ್ಷಕರು, ಸೊಸೈಟಿ ಅಧ್ಯಕ್ಷರು, ಯಕ್ಷಗಾನದ ಭಾಗವತರು, ಎಲ್ಲರೂ ಅಜಾತಶತ್ರುಗಳೇ.

ಎಷ್ಟು ಸಮಾರಂಭ ನೋಡಿಲ್ಲ. ಪತ್ರ ಓದುವಾಗ ಸಭೆಯಲ್ಲಿ ಒಬ್ಬರೂ ಕೇಳುವುದಿಲ್ಲ. ಶಾಲು ಸರಿಯಾಗಿ ಬಿದ್ದಿದೆಯೇ, ಫೋಟೋದವನು ಎಲ್ಲಿ ನಿಂತಿದ್ದಾನೆ, ಊಟಕ್ಕೆ ಏನು, ಅಷ್ಟೇ. ಓದುವವನು ಉಸಿರು ಎಳೆದುಕೊಳ್ಳಲು ನಿಂತರೆ ಚಪ್ಪಾಳೆ.

ನಾಲ್ಕು ಪ್ಯಾರಾ ಬರೆದೆ. ಒಳ್ಳೆಯ ಕೈಗುಣ, ಹಸನ್ಮುಖ, ಬಡವರ ಬಂಧು. ಬರೆದದ್ದು ಸುಳ್ಳೂ ಅಲ್ಲ.

ಐದನೆಯದು...


ಜೂನ್ 19. ಬೆಳಿಗ್ಗೆ

ಐದನೆಯ ಪ್ಯಾರಾ ಬರೆದು ಮುಗಿಸಿದೆ. ಇಲ್ಲಿಯೂ ಇರಲಿ:

‘ಕರುಣಾಳುಗಳೇ, ಪಂದ್ಯದ ಮುನ್ನಾದಿನ ಜ್ವರದಿಂದ ಬಳಲಿ, ಮೊಣಕಾಲು ಬಾತು ಮಲಗಿದ್ದ ನಮ್ಮ ಬಳಗದ ಕುಮಾರಿ ಚೇತನಾ ಅವರಿಗೆ, 2025ನೆಯ ಇಸವಿ ಜನವರಿ 17ರ ಸಂಜೆ ತಮ್ಮ ಆಸ್ಪತ್ರೆಯಲ್ಲಿ ತಾವೇ ಸ್ವಹಸ್ತದಿಂದ ಬಾಟಲಿಯನ್ನು ಏರಿಸಿ, ಅದರಲ್ಲಿ ಡೆಕ್ಸಾಮೆಥಾಸೋನ್ ಎಂಬ ಔಷಧಿಯನ್ನು ಬೆರೆಸಿ, ಮರುದಿನವೇ ಆಕೆಯನ್ನು ಅಂಗಳಕ್ಕಿಳಿಸಿದ ತಮ್ಮ ಅಮೃತಹಸ್ತದ ಮಹಿಮೆಯನ್ನು ನಾವು ಎಂತು ಬಣ್ಣಿಸೋಣ!’

ಮೂರು ವರ್ಷ ಓದಿದ ಅಲಂಕಾರಶಾಸ್ತ್ರ ಇದೊಂದಕ್ಕೆ ಸಾರ್ಥಕ.

ಎದುರು ನಿಂತು ಹೇಳಲಾಗದವಳು ಹೀಗೆ ಬರೆಯುತ್ತಾಳೆ. ಗೊತ್ತು.


ಜೂನ್ 23

ಅಧ್ಯಕ್ಷರು ಸಹಿ ಹಾಕಿದರು. ‘ಶ್ರೀಯುತ ಅಂತ ಹಾಕಿದ್ಯಾ, ಡಾಕ್ಟರ್ ಅಂತ ಹಾಕಿದ್ಯಾ?’ ಎರಡೂ ಎಂದೆ. ಕಾರ್ಯದರ್ಶಿಗೆ ಅಂಚು ಚಿನ್ನದ ಬಣ್ಣದ್ದೇ ಆಗಬೇಕು. ಅವರ ಸಹಿಯೂ ಆಯಿತು. ಬಳಗದ ಸೀಲು ಒತ್ತಿದವಳು ನಾನೇ.

ಸುಭಾಷ ಸರ್ ಮಾತ್ರ ಓದಿದರು. ನಿಂತುಕೊಂಡು, ತುಟಿ ಅಲ್ಲಾಡಿಸುತ್ತ, ಮೊದಲಿಂದ ಕೊನೆಯ ತನಕ. ಐದನೆಯ ಪ್ಯಾರಾಕ್ಕೆ ಬಂದಾಗ ತುಟಿ ನಿಂತಿತು.

‘ಅಭಿಜ್ಞಾ ಮೇಡಂ.’

‘ಸರ್.’

‘ಚಲೋ ಬರದೀರಿ.’ ಪೆನ್ ಕೇಳಿ ಇಸಿದುಕೊಂಡು ಸಹಿ ಹಾಕಿದರು. ‘ಐದನೇದ್ದು ಸ್ವಲ್ಪ ದೊಡ್ಡ ಅಕ್ಷರದಾಗ ಮಾಡಸ್ರಿ. ಎಲ್ಲಾರಿಗೂ ಕಾಣ್ಲಿ.’

ಬಾಗಿಲವರೆಗೆ ಹೋಗಿ ತಿರುಗಿದರು. ‘ನನ್ನ ಮಗಳ ಫೀ ಈ ನೌಕರಿ ಮ್ಯಾಲs ಐತ್ರಿ. ಬಾಯಿಲೆ ಹೇಳಂದ್ರ ಆಗೂದಿಲ್ಲ. ಸಹಿ ಅಂದ್ರ ಮಾಡ್ತೀನಿ.’


ಜುಲೈ 1. ಮಂಗಳವಾರ

ಸಭಾಂಗಣ ತುಂಬಿತ್ತು. ಮಾವನಿಗೆ ಪೇಟ ಸಣ್ಣದಾಗಿತ್ತು; ಹಿಂದಿನಿಂದ ಯಾರೋ ಒತ್ತಿ ಕೂರಿಸಿದರು.

ಮೈಕು ಎತ್ತರದ ಮನುಷ್ಯನಿಗೆ ಇಟ್ಟದ್ದು. ಮುಂಗಾಲ ಮೇಲೆ ನಿಂತು ಓದಿದೆ. ಒಂದನೆಯ ಪ್ಯಾರಾ ಅವಸರದಲ್ಲಿ ಮುಗಿಸಿದೆ. ಎರಡನೆಯದರಲ್ಲಿ ಮೈಕು ಕೂಗಿಕೊಂಡಿತು. ಮೂರು, ನಾಲ್ಕು. ಐದನೆಯದನ್ನು ನಿಧಾನವಾಗಿ ಓದಿದೆ, ಒಂದಕ್ಷರ ನುಂಗದೆ. ಚೇತನಾ ಎಂದೆ. ಜನವರಿ ಹದಿನೇಳು ಎಂದೆ. ಮದ್ದಿನ ಹೆಸರು ಹೇಳುವಾಗ ಕಣ್ಣೆತ್ತಿ ನೋಡಿದೆ. ಅಧ್ಯಕ್ಷರು ಮೊಬೈಲಿನಲ್ಲಿದ್ದರು. ಕಾರ್ಯದರ್ಶಿ ಹಣ್ಣಿನ ಬುಟ್ಟಿಯ ಪ್ಲಾಸ್ಟಿಕ್ ಬಿಚ್ಚುತ್ತಿದ್ದರು. ಮಾವ ಫೋಟೋದವನ ಕಡೆ ಮುಖ ಮಾಡಿ, ಪೇಟ ಜಾರದಂತೆ ಕತ್ತು ನೆಟ್ಟಗೆ ಹಿಡಿದು ನಗುತ್ತಿದ್ದ.

‘ಎಂತು ಬಣ್ಣಿಸೋಣ’ ಎಂದು ಉಸಿರು ತೆಗೆದುಕೊಂಡೆ. ಚಪ್ಪಾಳೆ. ಇಡೀ ಸಭೆ.

ಮಾವ ಎದ್ದು ಸಭೆಗೆ ಕೈಮುಗಿದ.

ಮುಂದಿನ ಸಾಲಿನಲ್ಲಿ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಊಟದ ಸಾಲಿನಲ್ಲಿ ನನ್ನ ಕೈ ಹಿಡಿದು, ‘ಎಷ್ಟು ಚೊಲೋ ಓದಿದ್ಯೆ ಕೂಸೆ’ ಎಂದಳು. ಏಪ್ರಿಲ್‌ನಿಂದ ಮೊದಲ ಸಲ ಮುಟ್ಟಿದ್ದು.


ಜುಲೈ 3

ಫ್ರೇಮ್ ಹಾಕಿದ ಪತ್ರ ಆಸ್ಪತ್ರೆಯ ಮಹಡಿಯಲ್ಲಿ, ಬಾಟಲಿ ತೂಗುವ ಗೋಡೆಯ ಮೇಲೆ. ಮೊಬೈಲಿನಲ್ಲಿ ಫೋಟೋ ತೆಗೆದೆ. ಸೀಲು, ಮೂರು ಸಹಿ, ಎಲ್ಲ ಬರುವಂತೆ. ವಕೀಲರಿಗೆ ಕಳಿಸಿದೆ.

ಫೋನ್ ಬಂತು. ಅಷ್ಟು ಹೊತ್ತು ನಕ್ಕದ್ದು ಕೇಳಿಯೇ ಇರಲಿಲ್ಲ. ‘ಇಪ್ಪತ್ತು ವರ್ಷದ ವಕೀಲಿಕಿಯೊಳಗ ಸನ್ಮಾನಪತ್ರ ಸಾಕ್ಷಿ ಆಗಿದ್ದು ಕಂಡಿಲ್ರೀ ನಾನು!’


ಆಗಸ್ಟ್ 12

ಆನ್‌ಲೈನ್ ವಿಚಾರಣೆ. ಯಲ್ಲಾಪುರದಲ್ಲಿ ವಕೀಲರ ಗೆಳೆಯರೊಬ್ಬರ ಆಫೀಸಿನಿಂದ. ಪತ್ರವನ್ನು ಇಂಗ್ಲಿಷಿಗೆ ಮಾಡಿದವಳು ನಾನು. ಅಮೃತಹಸ್ತಕ್ಕೆ ಬಂದಾಗ ದೆಹಲಿಯ ವಿಚಾರಣಾ ಮಂಡಳಿಯ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ನಗುತ್ತಿದ್ದರೋ ಏನೋ.

ಸಾಕ್ಷಿ ಹೇಳಲು ನಾನು ಸಿದ್ಧವಾಗಿ ಕೂತಿದ್ದೆ. ವಕೀಲರು ಕಾಗದವೇ ಗಟ್ಟಿ ಇದೆ, ಬೇಡ ಬಿಡಿ ಎಂದರು. ಎದೆಯ ಮೇಲಿನಿಂದ ಕಲ್ಲು ಇಳಿದಂತಾಯಿತು. ಚೇತನಾ ನನ್ನ ಮುಖವನ್ನೇ ನೋಡುತ್ತಿದ್ದಳು.


ಆಗಸ್ಟ್ 17

ಮಾವನಿಗೂ ಬಳಗಕ್ಕೂ ದೆಹಲಿಯಿಂದ ವಿವರಣೆ ಕೇಳಿ ಮೇಲ್ ಬಂದಿದೆ. ಜೊತೆಗೆ ಪತ್ರದ ಪ್ರತಿ.

ಕೂಗಾಡುತ್ತಾನೆ ಎಂದುಕೊಂಡಿದ್ದೆ. ಇಲ್ಲ. ಕುರ್ಚಿಯಲ್ಲಿ ಕೂತು ಮೆಲ್ಲಗೆ ಹೇಳಿದ.

‘ನೀ ಓದಿದೆ. ಆನು ಕೈಮುಗಿದಿ.’

ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಮಧ್ಯಾಹ್ನ ಬಟ್ಟೆ ತುಂಬಿಕೊಂಡು ಹೊರಟೆ. ಅತ್ತೆ ಕೋಣೆಯಿಂದ ಹೊರಗೆ ಬರಲಿಲ್ಲ. ನೆಹರೂ ನಗರದ ಹತ್ತಿರ ಹಾಸ್ಟೆಲಿನಂಥ ಒಂದು ಮನೆಯಲ್ಲಿ ಮಂಚ ಸಿಕ್ಕಿದೆ. ಬಳಗದಿಂದ, ನಾಳೆಯಿಂದ ಬರುವುದು ಬೇಡ ಎಂಬ ಮೆಸೇಜ್. ಆಯಿ ಫೋನ್ ಎತ್ತುತ್ತಿಲ್ಲ.

ಪತ್ರ ಇನ್ನೂ ಗೋಡೆಯ ಮೇಲೇ ಇದೆಯಂತೆ. ತೆಗೆದರೆ ಬಂದವರು ಯಾಕೆಂದು ಕೇಳುತ್ತಾರೆ.


ಸೆಪ್ಟೆಂಬರ್ 22. ಸೋಮವಾರ

ತೀರ್ಪು ಬಂತು. ಮದ್ದು ಹೇಗೆ ಒಳಹೋಯಿತು ಎಂಬುದನ್ನು ಒಪ್ಪಿದ್ದಾರೆ. ಮೋಸದ ಉದ್ದೇಶ ಇರಲಿಲ್ಲ ಎಂದೂ. ಎರಡು ವರ್ಷದ ಬದಲು ಒಂದು ವರ್ಷ.

ಪೂರ್ತಿ ಬಿಡಲಿಲ್ಲ. ಕಾರಣ ಒಂದೇ ಸಾಲಿನಲ್ಲಿದೆ. ತನಗೆ ಕೊಡುತ್ತಿರುವುದು ಏನೆಂದು ಆಟಗಾರ್ತಿ ವಿಚಾರಿಸಬೇಕಾಗಿತ್ತು. ವಿಚಾರಿಸಿದ್ದಕ್ಕೆ ಯಾವ ಆಧಾರವೂ ಇಲ್ಲ.

ಬಳಗಕ್ಕೆ, ಮುಂದೆ ಎಚ್ಚರ ವಹಿಸಿ ಎಂದು ಸಲಹೆ. ಡಾಕ್ಟರರ ವಿಷಯ ಪ್ರತ್ಯೇಕವಾಗಿ ನೋಡಲಾಗುವುದು. ಯಾವಾಗ ಎಂದಿಲ್ಲ. ಎರಡು ವರ್ಷವಾದರೇನು, ಒಂದಾದರೇನು, ಪೊಲೀಸ್ ಇಲಾಖೆಗೆ ಶಿಕ್ಷೆ ಶಿಕ್ಷೆಯೇ.

ಚೇತನಾಳಿಗೆ ಫೋನಿನಲ್ಲಿ ಕನ್ನಡದಲ್ಲಿ ಓದಿ ಹೇಳಿದೆ. ಆ ಸಾಲು ಮತ್ತೊಮ್ಮೆ ಓದಿ ಎಂದಳು. ಓದಿದೆ.

‘ಕೇಳಿದ್ದೆ ಅಲ್ಲ ಅಕ್ಕಾ ನಾನು? ಎಂತ ಹಾಕಿದ್ರಿ ಅಂತ? ನೀವೆಲ್ಲ ಇದ್ರಿ.’

ಹೌದು. ಕೇಳಿದ್ದಳು. ನನಗೆ ಯಾಕೆ ನೆನಪಾಗಲಿಲ್ಲ? ಅಷ್ಟೊಂದು ಪ್ರಾಸ ಹುಡುಕಿದೆ, ಸೀಲು ಒತ್ತಿದೆ, ಫೋಟೋ ತೆಗೆದೆ. ಅವಳು ಬಾಯಿಬಿಟ್ಟು ಕೇಳಿದ ಒಂದು ಮಾತನ್ನು ಎಲ್ಲಿಯೂ ಬರೆಯಲಿಲ್ಲ. ತಮಾಷೆಯ ಜೊತೆಗೆ ಅದೂ ಹೋಗಿಬಿಟ್ಟಿತ್ತು.


ಸೆಪ್ಟೆಂಬರ್ 23

ಅಪೀಲಿಗೆ ಇನ್ನೂ ಅವಕಾಶ ಇದೆ. ಅವಳು ಕೇಳಿದ್ದನ್ನು ಕಣ್ಣಾರೆ ಕಂಡವರು ಹೇಳಿದರೆ ಕೇಸು ಗಟ್ಟಿಯಾಗಿ ನಿಲ್ಲುತ್ತದೆ ಎಂದು ವಕೀಲರು. ಸುಭಾಷ ಸರ್ ಫೋನ್ ಕಟ್ ಮಾಡಿದರು. ಕಾವ್ಯಶ್ರೀಗೆ ಈಗ ಏಳನೆಯ ನಂಬರು ಕೊಟ್ಟಿದ್ದಾರೆ. ಅವಳಿಗೆ ಏನೂ ನೆನಪಿಲ್ಲವಂತೆ.

ಬರೆದು ಕಳಿಸುತ್ತೇನೆ ಎಂದೆ ಚೇತನಾಳಿಗೆ. ಚೆನ್ನಾಗಿ ಬರೆಯುತ್ತೇನೆ ಎಂದೆ.

‘ಬರೀಬೇಡಿ ಅಕ್ಕಾ’ ಎಂದಳು. ‘ಬರೆದದ್ದು ಯಾರು ಕೇಳ್ತಾರೆ? ನೀವೇ ಓದಿದ್ರಿ, ಚಪ್ಪಾಳೆ ಹೊಡೆದ್ರು. ಬಾಯಲ್ಲಿ ಹೇಳಿ. ಅವ್ರು ತಿರುಗಿ ಕೇಳ್ಲಿ, ನೀವು ತಿರುಗಿ ಹೇಳಿ.’


ಸೆಪ್ಟೆಂಬರ್ 24. ಬೆಳಿಗ್ಗೆ, ಯಲ್ಲಾಪುರದ ಬಸ್ಸಿನಲ್ಲಿ

ಕಿಟಕಿ ಬದಿಯ ಸೀಟು. ಅಪೀಲಿಗೆ ಬಾಯಲ್ಲೇ ಸಾಕ್ಷಿ ಹೇಳುತ್ತೇನೆ ಎಂದು ವಕೀಲರಿಗೆ ತಿಳಿಸಿ ಹೊರಟಿದ್ದೇನೆ. ಅಕ್ಷರಗಳು ಕುಣಿಯುತ್ತಿವೆ. ಎಂಜಿನ್ನಿನ ಸದ್ದಿನಲ್ಲಿ ಬಾಯಿಬಿಟ್ಟೇ ಹೇಳಿ ನೋಡುತ್ತಿದ್ದೇನೆ. ಪಕ್ಕದ ಮುದುಕಿ ಜಪ ಎಂದುಕೊಂಡಿರಬೇಕು.

ಜನವರಿ ಹದಿನೇಳು, ಸಂಜೆ. ಚೇತನಾ ಕೇಳಿದಳು, ಬಾಟಲಿಯಲ್ಲಿ ಎಂತ ಹಾಕಿದ್ರಿ ಎಂದು. ವಿಘ್ನೇಶ್ವರ ಡಾಕ್ಟರು, ನನ್ನ ಸೋದರಮಾವ, ಉತ್ತರ ಹೇಳಲಿಲ್ಲ, ತಮಾಷೆ ಮಾಡಿದರು. ಕೋಚ್ ಕೂಡ. ಎಲ್ಲರೂ ನಕ್ಕರು. ಅವಳು ಮುಖ ಮುಚ್ಚಿಕೊಂಡಳು. ಮತ್ತೆ ಕೇಳಲಿಲ್ಲ.

ಇಷ್ಟು ಬರುತ್ತದೆ. ಮೂರು ಸಲ ಹೇಳಿದೆ, ತಪ್ಪಲಿಲ್ಲ.

ಆಮೇಲೆ ಅವರು ಕೇಳುತ್ತಾರೆ. ಆ ಕನ್ನಡಕದ ಹಿರಿಯರಂಥವರೇ ಯಾರೋ ಕೇಳುತ್ತಾರೆ. ನೀವು ತಂಡದ ಮ್ಯಾನೇಜರ್, ಅಲ್ಲೇ ಇದ್ದಿರಿ, ಆ ಹೊತ್ತಿಗೆ ನೀವು ಏನು ಮಾಡಿದಿರಿ?

ಸರ್, ನಾನೂ —